ಮೊದಲು ‘ಸಾಕು’ ಅನ್ನುವವರು ಯಾರು?

ಮೇ 4

ಪೂಜ್ಯ ಅತ್ತೆಯವರಿಗೆ ಅಳಿಯನ ನಮಸ್ಕಾರಗಳು.

ಇದು ನನ್ನ ಮೊದಲ ದೂರು. ನಿಮ್ಮ ಮಗಳ ಕಾನೂನಿನ ಪ್ರಕಾರ ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ಅಂಚೆಪೆಟ್ಟಿಗೆಗೆ ಹಾಕುತ್ತಿದ್ದೇನೆ. ಕಳೆದ ವಾರ ಕಂಪ್ಯೂಟರಿನ ಆಟದ ನಡುವೆ ನೀವು ಅಲ್ಲಿಂದ, ನಾನು ಇಲ್ಲಿಂದ ಮೈಕಿನಲ್ಲಿ ಕೂಗಾಡಿಕೊಂಡಾಗ ಅವಳು ಅಡುಗೆಮನೆಯಿಂದ ಬಂದು ನನ್ನ ತಲೆಯ ಮೇಲಿನ ಹೆಡ್‌ಫೋನ್ ಕಿತ್ತುಕೊಂಡಳಲ್ಲ, ನೆನಪಿರಬೇಕು. “ಅಮ್ಮಾ, ಕೇಳಿಸ್ತಿದ್ಯಾ? ಇನ್ಮೇಲೆ ಮೈಕಲ್ಲಿ ಆಟದ ಮಾತು ಮಾತ್ರ. ಯಾರು ತಪ್ಪು ಮಾಡಿದ್ರು, ಯಾರಿಂದ ಸೋತ್ರಿ, ಅದೆಲ್ಲಾ ಕಾಗದದಲ್ಲಿ ಬರ್ಕೊಳ್ಳಿ. ಅಂಚೆಯವನು ತಂದುಕೊಡೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರತ್ತೆ. ನನ್ನ ಫೋನಲ್ಲಂತೂ ಈ ಸುದ್ದಿ ಎತ್ತಲೇಬೇಡಿ!” ಎಂದಳು. ಬಸ್ ಡಿಪೋದ ಟೈಮ್‌ಕೀಪರ್ ಅವಳು. ಅಷ್ಟು ಜನ ಡ್ರೈವರುಗಳನ್ನು ಹದ್ದುಬಸ್ತಿನಲ್ಲಿ ಇಡುವವಳಿಗೆ ಒಬ್ಬ ಗಂಡ, ಒಬ್ಬ ತಾಯಿ ಯಾವ ಲೆಕ್ಕ?

ಇನ್ನು ದೂರು. ಶನಿವಾರದ ಪಂದ್ಯ. ಎದುರು ಜೋಡಿಯ ಕೋಟೆಯ ಗೋಡೆ ಆಗಲೇ ಬಿರುಕು ಬಿಟ್ಟಿತ್ತು. ನಾನು ನಮ್ಮ ಕೋಟೆಯ ಬಾಗಿಲು ಕಾಯುತ್ತಿದ್ದೆ, ದಾಳಿ ನಿಮ್ಮದು. ಇನ್ನೊಂದು ಏಟು ಹಾಕಿದ್ದರೆ ಗೋಡೆ ಕುಸಿದು ಪಂದ್ಯ ನಮ್ಮದಾಗುತ್ತಿತ್ತು. ನೀವು ಏನು ಮಾಡಿದಿರಿ? ಸೇತುವೆಯ ನಡುಮಧ್ಯೆ ನಿಂತು, ಕುಣಿಯುವ ಗುಂಡಿ ಒತ್ತಿ, ಕುಣಿದಿರಿ. ಅವರು ಬಂದು ನಿಮ್ಮನ್ನು ನೀರಿಗೆ ತಳ್ಳಿದರು. ಆಮೇಲೆ ಇಬ್ಬರೂ ಸೇರಿ ನನ್ನ ಬಾಗಿಲಿಗೆ ಬಂದರು. ನಾನು ಒಬ್ಬ ಲಿಫ್ಟ್ ಮೆಕ್ಯಾನಿಕ್, ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದು ಗೊತ್ತು. ನುಗ್ಗಿ ಬರುವವರನ್ನು ಎಷ್ಟು ಹೊತ್ತು ತಡೆಯಲಿ?

ಈ ಋತುವಿನ ಪಂದ್ಯಗಳು ಆಗಸ್ಟ್ ಕೊನೆಗೆ ಮುಗಿಯುತ್ತವೆ. ಕಂಚು, ಬೆಳ್ಳಿ ದಾಟಿ ನಮ್ಮ ಜೋಡಿ ಚಿನ್ನಕ್ಕೆ ಬಂದಿದೆ. ಮುಂದಿನದು ವಜ್ರ. ಅಷ್ಟರೊಳಗೆ ಅದು ಸಿಗದೇ ಹೋದರೆ ನಾನು ಆಟದಿಂದಲೇ ಹಿಂದೆ ಸರಿಯುವುದು ಒಳ್ಳೆಯದೆನ್ನಿಸುತ್ತದೆ. ನಿಮ್ಮ ಉತ್ಸಾಹಕ್ಕೆ ನಾನು ಅಡ್ಡಗಾಲಾಗಬಾರದು.

ಆದರೆ ಹಾಗಾಗದಿರಲಿ ಎಂದೇ ಆಸೆ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾವಿಬ್ಬರೂ “ಹೇಗಿದ್ದೀರಿ”, “ಚೆನ್ನಾಗಿದ್ದೇವೆ” ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಈ ಆಟದಿಂದ ಕಡೇಪಕ್ಷ ಜಗಳವಾಡುವಷ್ಟು ಹತ್ತಿರ ಬಂದಿದ್ದೇವೆ.

ಇಂತು ನಿಮ್ಮ ವಿಧೇಯ,
ಅಳಿಯ

*

ಮೇ 10

ಚಿರಂಜೀವಿ ಅಳಿಯಂದಿರಿಗೆ ಅತ್ತೆಯ ಆಶೀರ್ವಾದಗಳು.

ತೆರೆ ಸರಿಯಲಿ! ದೀಪಗಳು ಬೆಳಗಲಿ! ಆರೋಪಿ ರಂಗದ ನಡುವೆ ಬಂದು ನಿಂತಿದ್ದಾಳೆ. ತಲೆ ತಗ್ಗಿಸಿ ಅಲ್ಲ, ಎತ್ತಿಕೊಂಡೇ ನಿಂತಿದ್ದಾಳೆ!

ಹೌದು, ಕುಣಿದೆ! ಅರ್ಧ ಆಯುಷ್ಯ ನಾಟಕ ಕಂಪನಿಯಲ್ಲಿ ರಾಣಿಯಾಗಿ, ರಕ್ಕಸಿಯಾಗಿ, ರಾಣಿಯ ವೇಷ ತೊಟ್ಟ ರಕ್ಕಸಿಯಾಗಿ ಮೆರೆದವಳು ನಾನು. ಶತ್ರುವಿನ ಕೋಟೆ ಬಿರುಕು ಬಿಡುವ ಹೊತ್ತಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತವಳ ಹಾಗೆ ಸುಮ್ಮನೆ ಒಂದು ಏಟು ಹಾಕಿ ವಾಪಸು ಬರಲೇ? ಆಟ ಮಾಡಿದವನು ಕುಣಿಯುವ ಗುಂಡಿಯನ್ನು ಯಾಕೆ ಇಟ್ಟ ಹೇಳಿ? ಧೂಳು ಹಿಡಿಯಲಿ ಅಂತಲೇ?

ಆ ದಿನ ನೀರಿಗೆ ತಳ್ಳಿದವನೇ ಆಮೇಲೆ “ಅಜ್ಜಿ, ಹೋಗಿ ಮಲಗು” ಎಂದು ಬರೆದ. ನೀವು “ಅವನ ಮಾತು ಕಿವಿಗೆ ಹಾಕ್ಕೋಬೇಡಿ, ಆ ಮಾತಿನ ಕಿಟಕಿ ಮುಚ್ಚಿಬಿಡಿ” ಎಂದಿರಿ. ನಾನು ಮುಚ್ಚಲಿಲ್ಲ. ಮೈಕು ತೆರೆದು, ನನ್ನ ಹಳೆಯ ರಕ್ಕಸಿಯ ಶಾಪದ ಮಾತು ಇದೆಯಲ್ಲ, “ಎಲವೋ ಎಳೆ ನಾಲಗೆಯವನೇ” ಅಂತ ಶುರುವಾಗುತ್ತದಲ್ಲ, ಅದನ್ನು ಪೂರ್ತಿ ಹೇಳಿದೆ. ಅರ್ಧಕ್ಕೇ ಅವನು, “ತಪ್ಪಾಯ್ತು ಅಜ್ಜಿ, ನಮ್ಮಮ್ಮ ಬಾಗಿಲಲ್ಲಿ ನಿಂತು ಕೇಳ್ತಿದ್ದಾರೆ” ಅಂದ. ಅವನ ತಾಯಿ ಆಮೇಲೆ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಸೋತ ಪಂದ್ಯದಲ್ಲಿ ಚಪ್ಪಾಳೆ ಗಿಟ್ಟಿಸಿದ ಆಟಗಾರ್ತಿ ಈ ಆಟದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ.

ಅಡ್ಡಗಾಲಂತೆ! ಹಿಂದೆ ಸರಿಯುವುದಂತೆ! ಕೇಳಿ ಅಳಿಯಂದಿರೇ. ವಜ್ರ ನಮ್ಮದೇ! ಗೆದ್ದೇ ತೀರುತ್ತೇವೆ! ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಈ ಕಿರೀಟಗಳು, ಈ ಕತ್ತಿಗಳು, ಗೂಟಕ್ಕೆ ನೇತುಬಿದ್ದ ಈ ಗಡ್ಡಮೀಸೆಗಳ ಸಾಕ್ಷಿಯಾಗಿ ಹೇಳುತ್ತೇನೆ. ನೀವು ಎಷ್ಟು ಹೊತ್ತು ಕೂರುತ್ತೀರೋ ಅಷ್ಟು ಹೊತ್ತು ನಾನೂ ಕೂರುತ್ತೇನೆ. ನಮ್ಮ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು: ಎದುರಿನ ಪಾತ್ರಧಾರಿ ರಂಗದ ಮೇಲೆ ಇರುವಾಗ ಹಿರಿಯ ನಟಿ ಒಳಗೆ ಹೋಗುವಂತಿಲ್ಲ. ಹೋದರೆ, ಇವನ ಆಟ ನೋಡಲಾಗುತ್ತಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ಅಂಥ ಅವಮಾನವನ್ನು ನಾನು ಯಾವ ನಟನಿಗೂ ಮಾಡಿಲ್ಲ. ನನ್ನ ಮಗಳ ಗಂಡನಿಗೆ ಮಾಡುತ್ತೇನೆಯೇ?

ಬಾಗಿಲು ಕಾಯಿರಿ. ರಕ್ಕಸಿ ಹೊರಟಿದ್ದಾಳೆ.

ಆಶೀರ್ವಾದಗಳೊಂದಿಗೆ,
ಅತ್ತೆ

*

ಮೇ 27

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದ ಓದಿ ನಿಮ್ಮ ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ಸ್ವಲ್ಪ ಭಯವೇ ಆಯಿತು. ಅಷ್ಟು ದೊಡ್ಡ ಪ್ರತಿಜ್ಞೆ ಮಾಡಿದವರ ಮುಂದೆ ನಾನು ಸೋಮಾರಿಯಂತೆ ಕಾಣಬಾರದಲ್ಲ. ಅದಕ್ಕೇ ಈ ವಾರ ಊಟಕ್ಕೂ ಏಳದೆ ಆಡಿದೆ. ಗೆದ್ದದ್ದು ಹೆಚ್ಚು, ಸೋತದ್ದು ಕಡಿಮೆ. ದೂರೇನೂ ಇಲ್ಲ.

ಒಂದು ತಮಾಷೆ ಹೇಳುತ್ತೇನೆ. ಮೊನ್ನೆ ಒಂದು ಆಫೀಸು ಕಟ್ಟಡದಲ್ಲಿ ಎಡಗಡೆಯ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಕರೆ ಬಂತು. ಹೋಗಿ ನೋಡಿದೆ. ಒಂದು ಬಿಡಿಭಾಗ ತರಿಸಬೇಕಿತ್ತು. “ದುರಸ್ತಿಯಲ್ಲಿದೆ, ಬಳಸಬೇಡಿ” ಎಂಬ ಬೋರ್ಡು ತಗುಲಿಸಿ ಬಂದೆ. ಮರುದಿನ ಬೆಳಿಗ್ಗೆ ನಮ್ಮ ಮೇಸ್ತ್ರಿ ಕರೆದು, “ಏನಪ್ಪಾ, ನಿದ್ದೆಗಣ್ಣಲ್ಲಿ ಕೆಲಸ ಮಾಡಿದ್ಯಾ? ಚೆನ್ನಾಗಿರೋ ಲಿಫ್ಟಿಗೂ ಬೋರ್ಡ್ ಹಾಕಿ ಬಂದಿದ್ದೀಯಲ್ಲ! ಒಂಬತ್ತನೇ ಮಹಡಿ ಸಾಹೇಬ್ರು ಮೆಟ್ಟಿಲು ಹತ್ತಿ ಹತ್ತಿ, ಕುರ್ಚಿ ಮೇಲೆ ಕೂತ್ಕೊಂಡು ನಿಂಗೆ ಬೈಯೋಕೂ ಉಸಿರಿಲ್ಲದೆ ಒದ್ದಾಡ್ತಿದ್ರಂತೆ” ಎಂದರು. ಎರಡೂ ಲಿಫ್ಟುಗಳಿಗೆ ಬೋರ್ಡು ಹಾಕಿದ್ದೆ, ಅತ್ತೆಯವರೇ! ಇಡೀ ಕಾರ್ಖಾನೆ ನಕ್ಕಿತು.

ಅಂದ ಹಾಗೆ, ಇಷ್ಟು ಹೊತ್ತು ಕೂರುವುದರಿಂದ ನಿಮಗೆ ಆಯಾಸ ಆಗುವುದಿಲ್ಲವೇ? ವಯಸ್ಸಿನ ದೃಷ್ಟಿಯಿಂದ ಕೇಳಿದೆ, ಅಷ್ಟೆ. ನಿಮಗೆ ಬೇಗ ಮುಗಿಸಬೇಕೆನ್ನಿಸಿದರೆ ಸಂಕೋಚಪಡಬೇಡಿ.

ಇಂತು,
ಅಳಿಯ

*

ಜೂನ್ 2

ಅಳಿಯಂದಿರಿಗೆ,

ವಯಸ್ಸು!

ಈ ಪದವನ್ನು ಓದಿ ಕನ್ನಡಕ ತೆಗೆದೆ, ಒರೆಸಿದೆ, ಮತ್ತೆ ಹಾಕಿಕೊಂಡು ಓದಿದೆ. ಅದೇ ಇತ್ತು. ಕಾಗದವನ್ನು ದರ್ಜಿಯ ಬೊಂಬೆಗೆ ಗುಂಡುಪಿನ್ನಿನಿಂದ ಚುಚ್ಚಿ ಇಟ್ಟಿದ್ದೇನೆ, ಹೋಗುವಾಗ ಬರುವಾಗ ನೋಡಿ ಹಲ್ಲು ಕಡಿಯಲು.

ಆರು ತಿಂಗಳ ಬಸುರಿಯಾಗಿದ್ದಾಗ ನಿಮ್ಮ ಹೆಂಡತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮೇಲೆ ರಕ್ಕಸಿಯ ಕಬ್ಬಿಣದ ಎದೆಕವಚ ಕಟ್ಟಿಕೊಂಡು, ರಂಗದ ಮೇಲೆ ಮೂರು ಸುತ್ತು ಓಡಿದವಳು ನಾನು. ಕುರ್ಚಿಯ ಮೇಲೆ ಕೂತು ಬೆರಳು ಆಡಿಸುವುದಕ್ಕೆ ಆಯಾಸವೇ? ಬೇಗ ಮುಗಿಸಬೇಕಂತೆ, ಸಂಕೋಚವಂತೆ! ಈ ಕಾಗದ ತಲುಪಿದ ದಿನದಿಂದ ಸಂಜೆ ಆರಕ್ಕೇ ಶುರು ಮಾಡೋಣ. ಅಂಗಡಿಯ ಬಾಗಿಲನ್ನು ಬೇಗ ಹಾಕಿದರೆ ಆಯಿತು. ಯಾವುದೋ ನಾಟಕ ಕಂಪನಿಯ ಮ್ಯಾನೇಜರ್ ನಿನ್ನೆ ಬಂದು ಸೈನಿಕರ ಅಂಗಿಗಳು ಯಾಕೆ ಸಿದ್ಧವಾಗಿಲ್ಲ ಎಂದು ಕೂಗಾಡಿ ಹೋದ. ಅದು ಬೇರೆ ವಿಷಯ, ಬಿಡಿ.

ಬೋರ್ಡಿನ ಕಥೆ ಚೆನ್ನಾಗಿತ್ತು. ಪ್ರಹಸನಕ್ಕೆ ಹೇಳಿ ಮಾಡಿಸಿದ ಸನ್ನಿವೇಶ.

ಸಂಜೆ ಆರು. ತಡ ಮಾಡಬೇಡಿ.

ಅತ್ತೆ

*

ಜುಲೈ 1

ಅತ್ತೆಯವರಿಗೆ,

ನಿನ್ನೆ ಮೈಕಿನಲ್ಲಿ “ಇದು ನಾಟಕ ಅಲ್ಲ, ಎಲ್ಲಾದಕ್ಕೂ ಅಬ್ಬರ ಬೇಡ” ಎಂದು ನಾನು ಅಂದದ್ದು ತಪ್ಪು. ನೀವು ಮಾತು ನಿಲ್ಲಿಸಿಬಿಟ್ಟಿರಿ. ಆಮೇಲಿನ ನಾಲ್ಕೂ ಪಂದ್ಯಗಳಲ್ಲಿ ನಿಮ್ಮ ಧ್ವನಿ ಕೇಳಲೇ ಇಲ್ಲ. ಅವನ್ನೆಲ್ಲ ಗೆದ್ದೆವು. ಗೆದ್ದದ್ದು ಗೊತ್ತೇ ಆಗಲಿಲ್ಲ.

ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಿಮಗೆ ವಜ್ರ ಬೇಕು, ನಿಮ್ಮ ಆಟಕ್ಕೆ ಅದು ಸಲ್ಲಬೇಕಾದದ್ದೇ. ನನ್ನ ಕೈಯಲ್ಲಿ ಅದು ಆಗುತ್ತಿಲ್ಲ. ನಮ್ಮ ಕಾರ್ಖಾನೆಯಲ್ಲಿ ಒಬ್ಬ ವೆಲ್ಡರ್ ಇದ್ದಾರೆ. ಇದೇ ಆಟ ಆಡುತ್ತಾರೆ, ನನಗಿಂತ ತುಂಬಾ ಚೆನ್ನಾಗಿ. ಬಾಗಿಲು ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಿಮ್ಮ ಜೊತೆ ಆಡಲು ಒಪ್ಪಿದ್ದಾರೆ. ಚಿನ್ನ ತಲುಪಿದವರು ಜೊತೆ ಬದಲಿಸಿದರೆ ಅಲ್ಲಿಂದಲೇ ಮುಂದುವರಿಯಬಹುದು. ಋತು ಮುಗಿಯಲು ಇನ್ನೂ ಎರಡು ತಿಂಗಳಿದೆ. ನೀವು ಖಂಡಿತ ಮುಟ್ಟುತ್ತೀರಿ.

ಈ ಕಾಗದ ಮುಟ್ಟಿದ ದಿನದಿಂದ ನಾನು ಆಟಕ್ಕೆ ಬರುವುದಿಲ್ಲ. ಕ್ಷಮೆ ಇರಲಿ.

ಅಳಿಯ

*

ಜುಲೈ 6

ಸನ್ಮಾನ್ಯ ಅಳಿಯ ಮಹಾಶಯರ ಸನ್ನಿಧಿಗೆ,

ತಮ್ಮ ಒಂದನೇ ತಾರೀಖಿನ ಕಾಗದ ತಲುಪಿತು. ರಾಜೀನಾಮೆಯನ್ನು ಅಂಗೀಕರಿಸಲಾಗಿದೆ.

ಕಂಪನಿಯಲ್ಲಿದ್ದಾಗ, ನಾಯಕಿ ಮುದುಕಿಯಾದಳು ಅನ್ನಿಸಿದರೆ ಮಾಲೀಕರು ನೇರವಾಗಿ ಹೇಳುತ್ತಿರಲಿಲ್ಲ. “ನಿಮ್ಮ ಯೋಗ್ಯತೆಗೆ ತಕ್ಕ ಪಾತ್ರ ಈ ನಾಟಕದಲ್ಲಿಲ್ಲ, ಅಮ್ಮಾವ್ರೇ” ಎನ್ನುತ್ತಿದ್ದರು. ಆ ಮಾತಿನ ಒಳಗಿನ ಮಾತು ತಿಳಿಯಲು ನನಗೆ ನಿಘಂಟು ಬೇಕಿಲ್ಲ. ಮೇ ತಿಂಗಳಲ್ಲಿ ವಯಸ್ಸು, ಜೂನ್ ತಿಂಗಳಲ್ಲಿ ಅಬ್ಬರ, ಜುಲೈಗೆ ವೆಲ್ಡರ್. ಕಥೆಯ ನಡೆ ಚೆನ್ನಾಗಿದೆ!

ಅಬ್ಬರ ಬೇಡ ಎಂದಿರಿ. ನೋಡಿ, ಈ ಕಾಗದದಲ್ಲಿ ಎಷ್ಟು ಮೆಲ್ಲಗೆ ಬರೆದಿದ್ದೇನೆ.

ವೆಲ್ಡರ್ ಮಹಾಶಯರೊಂದಿಗೆ ನಾಳೆಯಿಂದ ಆಡುತ್ತೇನೆ. ವಜ್ರವನ್ನು ಮುಟ್ಟಿ ತೋರಿಸುತ್ತೇನೆ.

ಹೊಲಿಗೆ ಅಂಗಡಿಯಾಕೆ

*

ಆಗಸ್ಟ್ 9

ಅಳಿಯಂದಿರೇ,

ವಜ್ರ ಬಂತು.

ಮೊನ್ನೆ ಸಂಜೆ ಬಂತು. ನನಗೆ ಗೊತ್ತೇ ಆಗಲಿಲ್ಲ. ವೆಲ್ಡರ್ ಹೇಳಿದರು: “ಆಯ್ತು ಅಮ್ಮ. ವಜ್ರ. ಸರಿ, ಬರ್ತೀನಿ.” ಹೇಳಿ ಹೋದರು. ಒಳ್ಳೆಯ ಮನುಷ್ಯ. ತಿಂಗಳಿಡೀ ಆಡಿದ್ದೇವೆ, ಅವರಿಂದ ಕೇಳಿದ ಮಾತು “ಎಡಕ್ಕೆ”, “ಬಲಕ್ಕೆ”, “ಬರ್ತೀನಿ”. ಬಾಗಿಲಲ್ಲಿ ನಿಂತರೆ ಬಂಡೆ. ಒಂದು ಸಲವೂ ಗಾಬರಿಯಾಗಿ “ಅತ್ತೆಯವರೇ, ಬಂದ್ರು, ಬಂದ್ರು, ಬೇಗ ವಾಪಸ್ ಬನ್ನಿ!” ಎಂದು ಕಿರುಚಲಿಲ್ಲ. ನಾನು ವಾಪಸು ಓಡಿಬರುವ ಪ್ರಸಂಗವೇ ಇಲ್ಲ. ರಾಣಿಯಿದ್ದಾಳೆ, “ಕಾಪಾಡಿ” ಎಂದು ಕೂಗುವವರೇ ಇಲ್ಲ. ಅದೆಂಥಾ ನಾಟಕ?

ಗೆದ್ದ ಮೇಲೆ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಪರದೆಯ ತುಂಬ ಪಟಾಕಿ ಹಾರುತ್ತಿತ್ತು. “ಗೆದ್ದೆವು!” ಎಂದು ಕೂಗಲು ಬಾಯಿ ತೆರೆದೆ. ಯಾರಿಗೆ ಕೂಗಲಿ? ಗಡ್ಡಮೀಸೆಗಳಿಗೇ?

ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ನಾನು ನಿಮ್ಮನ್ನು ಅಳಿಯಂದಿರೇ ಎನ್ನುವುದಿಲ್ಲ. ಮರ್ಯಾದೆಯನ್ನು ಕಳಚಿ ಗೂಟಕ್ಕೆ ಹಾಕುತ್ತೇನೆ, ಬೇರೆ ವೇಷಗಳ ಪಕ್ಕದಲ್ಲಿ ಇರಲಿ. ಕೇಳಯ್ಯಾ.

ಪರದೆಯ ಮೂಲೆಯಲ್ಲಿ ಅಂಕ ತೋರಿಸುತ್ತದಲ್ಲ, ನಿನ್ನ ಮೊದಲ ದೂರು ಬಂದ ವಾರವೇ ಅದರ ಮೇಲೆ ಒಂದು ತುಂಡು ಕೆಂಪು ಮಖಮಲ್ಲು ಅಂಟಿಸಿಬಿಟ್ಟೆ. ಆ ಅಂಕಿ ಏರುವುದು ಇಳಿಯುವುದು ಕಣ್ಣಿಗೆ ಬಿದ್ದರೆ ನನ್ನ ಕೈ ನಡುಗುತ್ತಿತ್ತು. ಅದು ಕಾಣದ ಮೇಲೆ ಕೈ ನೆಟ್ಟಗಾಯಿತು. ನಾವು ಚಿನ್ನದಲ್ಲಿದ್ದೆವೋ ತಗಡಿನಲ್ಲಿದ್ದೆವೋ ನನಗೆ ಗೊತ್ತೇ ಇರಲಿಲ್ಲ. ವಜ್ರ ನನಗೆ ಬೇಕಿರಲಿಲ್ಲ ಕಣಯ್ಯಾ! ನಿನಗೆ ಬೇಕು ಅಂದುಕೊಂಡೆ. ಮಗಳ ಗಂಡ ಕೇಳಿದ್ದಾನೆ, ಮುದುಕಿ ಅಡ್ಡ ಬಂದಳು ಅನ್ನಿಸಬಾರದು ಅಂದುಕೊಂಡೆ. ಭುಜ ನೋಯುತ್ತಿತ್ತು, ಕೂತೆ. ಸೈನಿಕರ ಅಂಗಿಗಳು ತಡವಾಗಿ, ಆ ಕಂಪನಿಯವರು ಬೇರೆ ದರ್ಜಿಯ ಹತ್ತಿರ ಹೋದರು, ಆಗಲೂ ಕೂತೆ. ನೀನು ‘ಸಾಕು’ ಅನ್ನಲಿ ಎಂದು ಕಾಯುತ್ತಾ ಕೂತೆ. ನೀನು ಅನ್ನಲೇ ಇಲ್ಲ.

“ಗೆದ್ದೇ ತೀರುತ್ತೇವೆ” ಎಂದು ನಾನು ಅಬ್ಬರಿಸಿದ್ದು ನಿಜ. ಅಷ್ಟು ವರ್ಷ ರಂಗದ ಮೇಲೆ ದಿನಾ ಹಾಗೇ ಅಬ್ಬರಿಸಿದ್ದೇನೆ, ದಿನಾ ಕೊನೆಯ ದೃಶ್ಯದಲ್ಲಿ ಸತ್ತಿದ್ದೇನೆ, ಮರುದಿನ ಎದ್ದು ಮುಖಕ್ಕೆ ಬಣ್ಣ ಬಳಿದುಕೊಂಡು ಮತ್ತೆ ಅಬ್ಬರಿಸಿದ್ದೇನೆ. ಸತ್ತದ್ದಕ್ಕೆ ಯಾವತ್ತೂ ಬೇಸರವಾಗಲಿಲ್ಲ, ಸಾಯುವವರೆಗಿನ ಆಟ ಅಷ್ಟು ಸೊಗಸಾಗಿತ್ತು. ಅಬ್ಬರ ನನ್ನ ಉಸಿರಾಟ, ಆಜ್ಞೆ ಅಲ್ಲ!

ಈಗ ನೀನು ಹೇಳು. ನೇರವಾಗಿ ಹೇಳು. ನನ್ನ ಜೊತೆ ಆಡಿ ಬೇಸತ್ತು ಹೋದೆಯಾ? ಹಾಗಿದ್ದರೆ ಹಾಗೆಂದೇ ಬರೆ. ತಾಳಿಕೊಳ್ಳುತ್ತೇನೆ. ವೆಲ್ಡರ್‌ನನ್ನು ಮಾತ್ರ ಇನ್ನೊಮ್ಮೆ ಕಳಿಸಬೇಡ.

ನಿನ್ನ ಅತ್ತೆ

*

ಆಗಸ್ಟ್ 17

ಅತ್ತೆ,

‘ಪೂಜ್ಯ’, ‘ಅವರೇ’ ಎಲ್ಲ ನಾನೂ ತೆಗೆದಿದ್ದೇನೆ. ಬರೆಯುವಾಗ ಕೈ ತಡೆಯುತ್ತಿದೆ, ಆದರೂ ತೆಗೆದಿದ್ದೇನೆ.

ನಿಮ್ಮ ಕಾಗದ ಬಂದಾಗ ನಾನು ಮನೆಯಲ್ಲಿರಲಿಲ್ಲ. ನಿಮ್ಮ ಮಗಳೇ ಒಡೆದು ಓದಿದ್ದಳು. ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತು, “ಒಂದು ಪ್ರಶ್ನೆ. ನೀವ್ಯಾಕೆ ಅಮ್ಮಂಗೆ ಸಾಕು ಅನ್ನಲಿಲ್ಲ?” ಎಂದಳು. ನಾನು ಹೇಳಿದೆ: “ಹಿರಿಯರು ಕೂತಿರೋವಾಗ ಕಿರಿಯರು ಹೇಗೆ ಏಳೋದು? ಅವರು ಸಾಕು ಅನ್ನಲಿ ಅಂತ ಕಾಯ್ತಿದ್ದೆ.” ಅವಳು ಗೋಡೆಗೆ ಒರಗಿ, ಜಾರಿ, ನೆಲದ ಮೇಲೇ ಕೂತುಬಿಟ್ಟಳು. ನಕ್ಕು ನಕ್ಕು ಕಣ್ಣಲ್ಲಿ ನೀರು. “ಅಯ್ಯೋ ನಿಮ್ಮಿಬ್ಬರ ಮರ್ಯಾದೆಗಿಷ್ಟು ಬೆಂಕಿ ಹಾಕ! ಅಲ್ಲಿ ಅವಳು, ಇಲ್ಲಿ ನೀವು, ಒಬ್ಬರು ಏಳಲಿ ಅಂತ ಇನ್ನೊಬ್ಬರು! ನಾನು ಆ ಕಾನೂನು ಮಾಡೋ ಬದಲು ನಿಮ್ಮಿಬ್ಬರಿಗೂ ಒಂದೊಂದು ವಿಸಿಲ್ ಕೊಡಿಸಬೇಕಿತ್ತು!”

ಈಗ ನನ್ನ ಸರದಿ, ನೇರವಾಗಿ ಹೇಳುತ್ತೇನೆ. ವಜ್ರದ ಮಾತು ಮೊದಲು ಎತ್ತಿದವನು ನಾನೇ, ನಿಜ. ಸೋತ ಸಿಟ್ಟಿನಲ್ಲಿ ಬರೆದದ್ದು ಅದು. ಅಂಚೆಪೆಟ್ಟಿಗೆಯಲ್ಲಿ ಬಿದ್ದ ಸದ್ದು ಕೇಳಿದಾಗಲೇ ನನ್ನ ಸಿಟ್ಟು ಹೋಗಿತ್ತು. ಆದರೆ ಕಾಗದ ಹೋಗಿ ಮುಟ್ಟಿತು, ನೀವು ಪ್ರತಿಜ್ಞೆ ಮಾಡಿದಿರಿ. ಅತ್ತೆ ಪ್ರತಿಜ್ಞೆ ಮಾಡಿದ ಮೇಲೆ ಅಳಿಯ ಹಿಂಜರಿಯುವುದು ಹೇಗೆ? ಬೋರ್ಡಿನ ಕಥೆಯನ್ನು ನಿಮಗೆ ತಮಾಷೆಯೆಂದು ಹೇಳಿದೆ. ಅದರ ಮುಂದಿನದನ್ನು ಹೇಳಲೇ ಇಲ್ಲ. ಆಮೇಲೆ ಜೂನ್ ತಿಂಗಳಲ್ಲಿ ಇನ್ನೊಂದು ಕಟ್ಟಡದಲ್ಲಿ, ಕೆಲಸ ಮುಗಿಸಿದೆನೆಂದು ತಿಳಿದು ಲಿಫ್ಟ್ ಚಾಲು ಮಾಡಲು ಹೊರಟಿದ್ದೆ. ಬಾಗಿಲಿನ ಒಂದು ಬೀಗ ಇನ್ನೂ ಬಿಗಿದಿರಲಿಲ್ಲ. ಮೇಸ್ತ್ರಿ ನನ್ನ ಕೈ ಹಿಡಿದುಕೊಂಡರು. ಬೈಯಲಿಲ್ಲ. ಬಾಕಿ ಉಳಿದ ಬೀಗವನ್ನು ತಾವೇ ಬಿಗಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ಸಂಜೆ ಆರಕ್ಕೆ ನಾನು ನಿಮ್ಮ ಜೊತೆ ಆಟಕ್ಕೆ ಕೂತಾಗ ನನ್ನ ಮನಸ್ಸು ಇನ್ನೂ ಆ ಬಾಗಿಲ ಹತ್ತಿರವೇ ಇತ್ತು. ಆಟ ಬೇಸರವಾದದ್ದು ಆವತ್ತು. ನೀವಲ್ಲ.

ಆಡದೆ ಇದ್ದ ಈ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ. ಊಟ ಬಿಸಿಯಾಗಿ ಸಿಕ್ಕಿತು. ಕೆಲಸದಲ್ಲಿ ಕೈ ತಪ್ಪಲಿಲ್ಲ. ಎಲ್ಲವೂ ಸರಿಯಾಗಿತ್ತು. ಆದರೆ ಒಂದು ಸಂಜೆ ಲಿಫ್ಟಿನ ತಳದ ಹೊಂಡದೊಳಗೆ ಇಳಿದು ಎಣ್ಣೆ ಹಾಕುತ್ತಿದ್ದಾಗ ನನಗೇ ಗೊತ್ತಿಲ್ಲದೆ “ಎಲವೋ ಎಳೆ ನಾಲಗೆಯವನೇ!” ಎಂದು ಕೂಗಿಬಿಟ್ಟೆ. ಮೇಲಿನವರೆಗೆ ಪ್ರತಿಧ್ವನಿಸಿತು. ನಾಲ್ಕನೇ ಮಹಡಿಯಲ್ಲಿ ಒಬ್ಬರು ಬಗ್ಗಿ, “ಯಾರ್ರೀ ಅದು?” ಎಂದರು. ನಾನು ಟಾರ್ಚ್ ಆರಿಸಿ ಕೂತೆ.

ವಾಪಸು ಬರಲೇ, ಅತ್ತೆ?

ನಿಮ್ಮ ಅಳಿಯ

*

ಆಗಸ್ಟ್ 22

ಮಗೂ,

ಇದೊಂದು ಪ್ರಶ್ನೆಯೇ? ಬಾ! ಓಡಿ ಬಾ! ಕೋಟೆಯ ಬಾಗಿಲು ಖಾಲಿ ಬಿದ್ದಿದೆ!

ಆದರೆ ಮೊದಲು ಆ ಲಿಫ್ಟಿನ ಬಾಗಿಲಿನ ವಿಷಯ. ಅದನ್ನು ಓದಿ ಕತ್ತರಿ ಕೆಳಗಿಟ್ಟು, ಮತ್ತೊಮ್ಮೆ ಮೊದಲಿನಿಂದ ಓದಿದೆ. ನಿನ್ನ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸು. ಆ ಮನುಷ್ಯನಿಗೆ ಒಂದು ಕೋಟು ಹೊಲಿದು ಕಳಿಸುತ್ತೇನೆ, ಎದೆಯ ಅಳತೆ ಕೇಳಿ ಬರೆ. ನಿನಗೆ ಬೈಯುವುದಿಲ್ಲ. ನನ್ನ ಪಾಲೂ ಅದರಲ್ಲಿದೆ.

ಇನ್ನು ಹೊಸ ಆಟದ ಕ್ರಮವನ್ನು ನಿರ್ದೇಶಕಿಯಾಗಿ ನಾನು ಹೇಳುತ್ತೇನೆ, ಕೇಳು. ಋತು ಮುಗಿದ ಮೇಲೆ ಎಲ್ಲ ಜೋಡಿಗಳೂ ಮತ್ತೆ ಕಂಚಿನಿಂದ ಶುರು ಮಾಡಬೇಕಂತೆ. ಒಳ್ಳೆಯದೇ ಆಯಿತು. ವಜ್ರ ಇದ್ದರೆ ಕಾಪಾಡಬೇಕು, ಕಂಚಿಗೆ ಯಾರೂ ಕಣ್ಣು ಹಾಕುವುದಿಲ್ಲ. ಏಳೂವರೆಗೆ ಆರಂಭ. ನಾನು ಅಂಗಡಿಯ ಕೆಲಸ ಮುಗಿಸಿ, ನೀನು ಊಟ ಮುಗಿಸಿ. ಮೂರು ಪಂದ್ಯ ಆಡಿ ತೆರೆ. ಗೆದ್ದರೂ ತೆರೆ, ಸೋತರೂ ತೆರೆ. ಸೋತು ಮುಗಿಸಿದ ದಿನ ಇನ್ನೊಂದು ಆಡಿ ಸರಿಮಾಡಿಕೊಳ್ಳೋಣ ಅನ್ನಿಸುತ್ತದೆ, ಆ ಮಾತು ಬಂದ ತಕ್ಷಣ ಎದ್ದು ಹೋಗಿ ನೀರು ಕುಡಿ. ಸಿಟ್ಟು ಬಂದರೆ ಎರಡನೆಯದಕ್ಕೇ ನಿಲ್ಲಿಸಬಹುದು, ಕಾರಣ ಹೇಳಬೇಕಾಗಿಲ್ಲ. ಎದುರಿನವರು ಬೈದರೆ ನೀನು ಆ ಮಾತಿನ ಕಿಟಕಿ ಮುಚ್ಚಿಕೋ. ನಾನು ಮುಚ್ಚುವುದಿಲ್ಲ, ನನಗೆ ಅದು ಅಭ್ಯಾಸದ ಅವಕಾಶ.

ಎಲ್ಲಕ್ಕಿಂತ ಮುಖ್ಯವಾದದ್ದು: ಮೂರಕ್ಕಿಂತ ಮೊದಲೇ ಸಾಕು ಅನ್ನಿಸಿದವರು ಸಾಕು ಅನ್ನಬೇಕು. ಮೊದಲು ಅಂದವರಿಗೆ ಆವತ್ತಿನ ಕಿರೀಟ. ಇಲ್ಲಿ ಹದಿನೇಳು ಕಿರೀಟಗಳಿವೆ, ರಟ್ಟಿನದು, ತಗಡಿನದು, ಒಂದಕ್ಕೆ ನಿಜವಾದ ನವಿಲುಗರಿ ಇದೆ. ನಾನು ಅಂದರೆ ನಾನು ಇಟ್ಟುಕೊಂಡು ಕೂರುತ್ತೇನೆ. ನೀನು ಅಂದರೆ ಇಲ್ಲಿ ಬೊಂಬೆಯ ತಲೆಗೆ ನಿನ್ನ ಹೆಸರಿನಲ್ಲಿ ಇಡುತ್ತೇನೆ.

ಆ ಸೈನಿಕರ ಅಂಗಿಯ ಕಂಪನಿ ಹೋದರೆ ಹೋಗಲಿ, ಮೊನ್ನೆ ಇನ್ನೊಂದು ಕಂಪನಿ ಬಂತು. ರಾಕ್ಷಸರ ಸೈನ್ಯವೇ ಬೇಕಂತೆ. ಭುಜಕ್ಕೆ ಎಣ್ಣೆ ಹಚ್ಚಿ ನೀವುತ್ತಿದ್ದೇನೆ. ಆರಾಮಾಗಿದೆ.

ಸೆಪ್ಟೆಂಬರ್ ಒಂದಕ್ಕೆ ಬಾಗಿಲಲ್ಲಿ ನಿನ್ನನ್ನು ನೋಡುತ್ತೇನೆ.

ಅತ್ತೆ

*

ಸೆಪ್ಟೆಂಬರ್ 12

ಅತ್ತೆ,

ಇದು ದೂರು. ಗಂಭೀರವಾದ ದೂರು. ನಿಮ್ಮ ಮಗಳನ್ನೇ ಸಾಕ್ಷಿಗೆ ಕರೆಯುತ್ತೇನೆ.

ನಿನ್ನೆಯ ಎರಡನೇ ಪಂದ್ಯ. ನಮ್ಮ ಕೋಟೆಯ ಎರಡು ಗೋಡೆ ಬಿದ್ದಿದ್ದವು. ನೀವು ಸತ್ತಿದ್ದಿರಿ, ಮತ್ತೆ ಹುಟ್ಟಿಬರಲು ಇನ್ನೂ ಸಮಯ ಬೇಕಿತ್ತು. ಬಾಗಿಲಲ್ಲಿ ನಾನೊಬ್ಬನೇ, ಎದುರು ಇಬ್ಬರು. ನೀವು ಸತ್ತಲ್ಲಿಂದಲೇ ಮೈಕಿನಲ್ಲಿ “ಹಿಡಿ ಅವನ ಕಾಲು! ಬಿಡಬೇಡ ಮಗನೇ! ಇಡೀ ರಾಜ್ಯ ನಿನ್ನನ್ನೇ ನೋಡ್ತಿದೆ!” ಎಂದು ಕೂಗುತ್ತಿದ್ದಿರಿ. ನಾನು ಏನು ಮಾಡಿದೆನೋ ನನಗೇ ತಿಳಿಯದು. ಬಾಗಿಲನ್ನು ನಾನೇ ತೆರೆದುಬಿಟ್ಟೆ. ಇಬ್ಬರೂ ಒಳಗೆ ನುಗ್ಗಿದರು, ಹಿಂದಿನಿಂದ ಬಾಗಿಲು ಹಾಕಿದೆ. ನೋಡಿ, ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದೇ ನನ್ನ ಉದ್ಯೋಗ, ಸಿಕ್ಕಿಸಿಹಾಕಿದ್ದು ಇದೇ ಮೊದಲು. ಅವರು ಒಳಗೆ ಒದ್ದಾಡುತ್ತಿದ್ದಾಗ ನೀವು ಹುಟ್ಟಿಬಂದು, ಸೇತುವೆ ದಾಟಿ, ಅವರ ಖಾಲಿ ಕೋಟೆಯನ್ನು ಒಡೆದಿರಿ. ಕಂಚಿನ ಪಂದ್ಯ, ಅತ್ತೆ! ಕಂಚಿನ ಪಂದ್ಯಕ್ಕೆ ನಾನು ಕುರ್ಚಿಯಿಂದ ಎದ್ದು ನಿಂತು ಕಿರುಚಿದೆ. ನಿಮ್ಮ ಮಗಳು ಸೌಟು ಹಿಡಿದು ಓಡಿಬಂದಳು, ಕಳ್ಳ ಬಂದನೆಂದು.

ನನ್ನ ಕೈಗಳು ಬೆಚ್ಚಗಿದ್ದವು. ಮನಸ್ಸು ಹಾರುತ್ತಿತ್ತು. ಮೂರನೇ ಪಂದ್ಯಕ್ಕೆ ಗುಂಡಿ ಒತ್ತಲು ಹೋದೆ. ಆಗ ನೀವು, ಎಲ್ಲ ಬಿಟ್ಟು ಆ ಗಳಿಗೆಯಲ್ಲಿ, “ಸಾಕು!” ಎಂದಿರಿ. ಎಂದು, ಹೊರಟೇಹೋದಿರಿ.

ನನಗೆ ಇನ್ನೊಂದು ಆಟ ಬೇಕಿತ್ತು, ಅತ್ತೆ. ನಿಜವಾಗಿಯೂ ಬೇಕಿತ್ತು. ಬೇಕು ಅನ್ನಿಸಿ ಎಷ್ಟು ದಿನವಾಗಿತ್ತು ಗೊತ್ತಾ? ನಿಮ್ಮ ಮಗಳಿಗೆ ಹೇಳಿದರೆ ಅವಳು ಗಡಿಯಾರ ನೋಡಿ, “ಅಮ್ಮ ಸರಿಯಾದ ಟೈಮಿಗೆ ಬಿಟ್ಟಿದ್ದಾಳೆ” ಎಂದು ಸೌಟು ತೆಗೆದುಕೊಂಡು ಹೋದಳು. ತಾಯಿ ಮಗಳು ಒಂದೇ ಪಕ್ಷ. ನನಗೆ ನ್ಯಾಯ ಬೇಕು.

ಅಳಿಯ

*

ಸೆಪ್ಟೆಂಬರ್ 16

ಮಗೂ,

ನ್ಯಾಯ, ಈ ಕಾಗದ ಮುಟ್ಟಿದ ಸಂಜೆ. ಏಳೂವರೆ.

ಅತ್ತೆ